ಕೆಮ್ಮಿದ್ದು ನಾನು

ಸೆಪ್ಟೆಂಬರ್ ೪, ಸೋಮವಾರ — ಬೆಳಿಗ್ಗೆ ಆರೂವರೆ

ಇಲ್ಲಿಯೂ ಬರೆಯುವುದು ಬೇಡವೆಂದುಕೊಂಡಿದ್ದೆ. ನಿನ್ನೆ ಮಧ್ಯಾಹ್ನ ಕೂತಲ್ಲೇ ನಿದ್ದೆ ಹೋದೆ. ದೆವ್ವ ಇದೆಯೆಂದು ಹೇಳುವ ಕೋಣೆಯಲ್ಲಿ, ದೆವ್ವವನ್ನು ಕಾಯಲೆಂದೇ ಹಾಕಿಕೊಂಡ ಕುರ್ಚಿಯಲ್ಲಿ.

ಸರಿ, ಬರೆದಾಯಿತು.

ವರದಿಯಲ್ಲಾದರೆ ‘ಇನ್ವೆಸ್ಟಿಗೇಟರ್ ವಾಸ್ ಬ್ರೀಫ್ಲಿ ಇನ್‌ಅಟೆಂಟಿವ್’ ಎಂದು ಬರೆದು ಪಾರಾಗುತ್ತಿದ್ದೆ. ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ನಮ್ಮ ತಂಡದ ವರದಿಗಳನ್ನೂ ಅದರಲ್ಲೇ ಬರೆಯುತ್ತೇನೆ. ಅಲ್ಲಿ ಯಾರೂ ಏನೂ ಮಾಡದೆ ಎಲ್ಲವೂ ಆಗಿಹೋಗಿರುತ್ತದೆ. ಇಲ್ಲಿ ನಿದ್ದೆ ಹೋದೆ ಅಂದರೆ ನಿದ್ದೆ ಹೋದೆ.

ತಂಡ ಅಂದರೂ ಇಬ್ಬರೇ. ನಾನು, ಮೀಟರ್ ಸಾರ್. ಅವರು ಮನೆಮನೆಯ ಕರೆಂಟ್ ಮೀಟರ್ ತಪಾಸಣೆ ಮಾಡುತ್ತಿದ್ದವರು, ಈಗ ನಿವೃತ್ತರು. ಯಾರದಾದರೂ ಮನೆಯಲ್ಲಿ ಸದ್ದು, ನೆರಳು, ತಾನಾಗಿ ತೆರೆಯುವ ಬಾಗಿಲು ಎಂದರೆ ಹೋಗಿ ಕೂರುತ್ತೇವೆ. ಸಾರ್ ಹನ್ನೊಂದು ವರ್ಷದಿಂದ. ನಾನು ಬಂದು ಸೇರಿದ್ದು ಆಮೇಲೆ. ಇದುವರೆಗೆ ಸಿಕ್ಕಿದ್ದು — ಪಾರಿವಾಳ, ಸಡಿಲ ನಲ್ಲಿ, ಪಕ್ಕದ ಕಟ್ಟಡದ ಲಿಫ್ಟು, ಮತ್ತೆ ಇಲಿ. ಗುಡ್ಡ ಅಗೆದು ಇಲಿ ಹಿಡಿಯುವುದು ಬೇರೆಯವರಿಗೆ ಗಾದೆ. ನಮಗೆ ಡ್ಯೂಟಿ.

ನಿನ್ನೆಯದು ಮಹಡಿ ಮೇಲಿನ ಟೈಲರ್ ಅಂಗಡಿ. ಅಕ್ಕ ತಂಗಿ ಸೇರಿ ನಡೆಸುತ್ತಿದ್ದದ್ದು. ಗಿರಾಕಿಗಳ ಬಾಯಲ್ಲಿ ದೊಡ್ಡ ಟೈಲರ್, ಚಿಕ್ಕ ಟೈಲರ್. ಚಿಕ್ಕ ಟೈಲರಿಗೇ ಐವತ್ತು ದಾಟಿದೆ. ದೊಡ್ಡವರು ಹೋದ ವರ್ಷ ತೀರಿಕೊಂಡರು. ಆಗಿನಿಂದ ಮಧ್ಯಾಹ್ನ ಮೂರರ ಸುಮಾರಿಗೆ ದೊಡ್ಡವರ ಮೆಷಿನ್ನಿನ ಪೆಡಲ್ ತಾನಾಗಿ ಆಡುತ್ತದೆ. ಯಾರೂ ಕಾಲಿಡದೆ.

ಚಿಕ್ಕ ಟೈಲರನ್ನು ಬೀದಿಯಾಚೆಯ ಔಷಧಿ ಅಂಗಡಿಯಲ್ಲಿ ಕೂರಿಸಿದೆವು. ಒಂದು ರೆಕಾರ್ಡರ್ ಹಿಡಿದು ಸಾರ್ ಮೆಟ್ಟಿಲ ಮೇಲೆ. ಇನ್ನೊಂದನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟು ನಾನು ಒಳಗೆ, ಒಬ್ಬಳೇ. ರೆಕಾರ್ಡರ್ ಓಡುವಾಗ ನಮ್ಮದೊಂದು ನಿಯಮ. ನಾವು ಮಾಡಿದ ಪ್ರತಿ ಸದ್ದನ್ನೂ ಅಲ್ಲೇ ಬಾಯಿಬಿಟ್ಟು ಒಪ್ಪಿಕೊಳ್ಳಬೇಕು. ‘ಕೆಮ್ಮಿದ್ದು ನಾನು.’ ‘ಕುರ್ಚಿ ನಾನು.’ ‘ಹೊಟ್ಟೆ ಗುರುಗುಟ್ಟಿದ್ದು ನಂದು.’ ಇಲ್ಲದಿದ್ದರೆ ಆಮೇಲೆ ಕೇಳುವಾಗ ನಮ್ಮ ಹೊಟ್ಟೆಯೇ ದೆವ್ವವಾಗುತ್ತದೆ.

ಎಚ್ಚರವಾದಾಗ ಕತ್ತು ಒಂದು ಕಡೆ ವಾಲಿತ್ತು. ಬಾಯಿ ಒಣಗಿತ್ತು. ‘ನಿದ್ದೆ ಹೋಗಿದ್ದೆ’ ಅನ್ನಬೇಕಿತ್ತು. ‘ಕುರ್ಚಿ ನಾನು’ ಅಂದೆ. ಕುರ್ಚಿಯೂ ಸದ್ದು ಮಾಡಿತ್ತು, ಸುಳ್ಳೇನಲ್ಲ.

ಕೆಳಗಿಳಿದಾಗ ಸಾರ್ ಕೇಳಿದರು. “ಪೆಡಲ್ ಆಡ್ತಾ ಅಮ್ಮಾ?”

“ನಾನು ನೋಡ್ಲಿಲ್ಲ ಸಾರ್.”

ಅದೂ ಸುಳ್ಳಲ್ಲ.

ಅದೇ ದಿನ — ಸಂಜೆ ಏಳು

ಅತ್ತೆ ಟಿವಿಯಲ್ಲಿ ದೆವ್ವದ ಸಿನಿಮಾ ನೋಡುತ್ತಿದ್ದರು. ಮಗಳು ಕಿವಿಗೆ ಹತ್ತಿ ತುರುಕಿಕೊಂಡು ಪರೀಕ್ಷೆಗೆ ಓದುತ್ತಿದ್ದಳು.

“ಬಂತಾ ನಿನ್ನೆ?” ಅತ್ತೆ ಪರದೆಯಿಂದ ಕಣ್ಣು ತೆಗೆಯದೆ.

“ಇಲ್ಲ ಅತ್ತೆ.”

“ಕರೆಂಟಾದ್ರೂ ಹೋಯ್ತಾ?”

“ಮಧ್ಯಾಹ್ನ ಅತ್ತೆ. ಬಿಸಿಲು. ಫ್ಯಾನ್ ನಾವೇ ಆಫ್ ಮಾಡಿದ್ವಿ, ಸದ್ದಾಗಬಾರದು ಅಂತ.”

“ನಾಯಿ?”

“ಮೆಟ್ಟಿಲ ಕೆಳಗೆ ಮಲಗಿತ್ತು.”

“ಮತ್ತೆ ಅಷ್ಟು ಹೊತ್ತು ಏನು ಮಾಡಿದ್ರಿ?”

“ಕೂತಿದ್ವಿ.”

“ಕೂರೋಕೆ ಅಲ್ಲೀತನಕ ಹೋಗ್ಬೇಕಿತ್ತಾ? ಇಲ್ಲೇ ನನ್ನ ಪಕ್ಕ ಕೂತಿದ್ರೆ ಮೂರು ದೆವ್ವ ನೋಡ್ಬಹುದಿತ್ತು. ಒಂದಂತೂ ಡ್ಯಾನ್ಸೂ ಮಾಡ್ತು.”

ಸಿನಿಮಾದಲ್ಲಿ ಸದ್ದು ಕೇಳಿದವಳು ಮೇಣದ ಬತ್ತಿ ಹಿಡಿದು ಒಬ್ಬಳೇ ನೆಲಮಾಳಿಗೆಗೆ ಇಳಿಯುತ್ತಾಳೆ. ನಾವು ಮೊದಲು ಪ್ಲಂಬರಿಗೆ ಫೋನ್ ಮಾಡುತ್ತೇವೆ. ಅಲ್ಲಿ ಸತ್ತವರಿಗೆ ಏನೋ ಬೇಕಾಗಿರುತ್ತದೆ. ನಾನು ನೋಡಿದ ಮನೆಗಳಲ್ಲೆಲ್ಲ ಬೇಕಾಗಿದ್ದದ್ದು ಬದುಕಿರುವವರಿಗೆ.

ಚಿಕ್ಕ ಟೈಲರಿಗೆ ಬೇಕಾಗಿರುವುದು ಒಂದು ಉತ್ತರ. ಔಷಧಿ ಅಂಗಡಿಯವರು ತಮ್ಮ ಪಕ್ಕದ ಮಳಿಗೆಯನ್ನು ಬಾಡಿಗೆಗೆ ಕೊಡುತ್ತೇವೆ ಎಂದಿದ್ದಾರೆ. ನೆಲಮಟ್ಟದ ಮಳಿಗೆ, ರಸ್ತೆಗೆ ಮುಖ. ಹದಿನೈದನೇ ತಾರೀಖಿನ ಒಳಗೆ ಹೌದೋ ಅಲ್ಲವೋ ಹೇಳಬೇಕು. ಈಗಿನ ಅಂಗಡಿಯ ಮೆಟ್ಟಿಲು ಏಣಿಯಂತೆ ಕಡಿದು. ಹಳೆಯ ಗಿರಾಕಿಗಳಿಗೆ ಹತ್ತಲಾಗುವುದಿಲ್ಲ, ಹೊಸಬರಿಗೆ ಕಾಣುವುದಿಲ್ಲ. ಅವರದೇ ಮಂಡಿ ಊದಿಕೊಂಡಿದೆ. ಅಲ್ಲೇ ಉಳಿದರೆ ಅಂಗಡಿ ಹೆಚ್ಚು ದಿನ ಬಾಳುವುದಿಲ್ಲ, ಅದು ಅವರಿಗೂ ಗೊತ್ತು.

“ಅಕ್ಕ ಇಲ್ಲೇ ಇದ್ರೆ ಬಿಟ್ಟು ಹೋಗೋದು ಹೇಗೆ ಮೇಡಂ? ಇಲ್ಲ ಅಂದ್ರೆ ನಾನು ಯಾರಿಗೋಸ್ಕರ ಈ ಮೆಟ್ಟಿಲು ಹತ್ಲಿ? ನೀವು ನೋಡಿ ಹೇಳಿ. ನಾನು ಅವ್ರಿಗೆ ಹೇಳ್ತೀನಿ.”

ಇಷ್ಟು ನಂಬಿಕೊಂಡು ಕೂತವರ ಕೋಣೆಯಲ್ಲಿ ತೂಕಡಿಸಿದೆ ನಾನು.

ಸೆಪ್ಟೆಂಬರ್ ೬, ಬುಧವಾರ — ರಾತ್ರಿ ಊಟದ ನಂತರ

ಅರ್ಧ ದಿನ ರಜೆ ಹಾಕಿದೆ. ಸಾರ್ ಆಗಲೇ ಟೈಲರ್ ಅಂಗಡಿಯ ನೆಲದ ಮೇಲೆ ಗೋಲಿ ಉರುಳಿಸುತ್ತ ಕೂತಿದ್ದರು. ನೆಲ ರಸ್ತೆಯ ಕಡೆ ಇಳಿಜಾರು. ದೊಡ್ಡವರ ಮೆಷಿನ್ನಿನ ಮೇಲೆ ಒಂದು ಲೋಟ ನೀರು ಇಟ್ಟಿದ್ದರು. ಮೂರಾಗುತ್ತಿದ್ದಂತೆ ನೀರಿನಲ್ಲಿ ಸಣ್ಣ ಉಂಗುರಗಳು. ಆಮೇಲೆ ಪೆಡಲ್. ಮೊದಲು ನಡುಕ. ನಂತರ ಯಾರೋ ಯೋಚನೆಯಲ್ಲಿ ಕಾಲು ಆಡಿಸುವ ಹಾಗೆ ಮೆಲ್ಲಗೆ ಮೇಲೆ, ಕೆಳಗೆ.

ಚಿಕ್ಕ ಟೈಲರ್ ಗೋಡೆಗೆ ಒರಗಿ ನಿಂತು ನೋಡುತ್ತಿದ್ದರು. ಮುಖದಲ್ಲಿ ಹೆದರಿಕೆ ಇರಲಿಲ್ಲ. ಬಸ್ಸಿನಿಂದ ಇಳಿಯುವವರಲ್ಲಿ ನಮ್ಮವರನ್ನು ಹುಡುಕುತ್ತೇವಲ್ಲ, ಆ ಮುಖ.

ಹಿಂದಿನ ಗೋಡೆಗೆ ಅಂಟಿಕೊಂಡೇ ಲಾಂಡ್ರಿ. ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಮೆಷಿನ್ನು ಮೂರು ಗಂಟೆಗೆ ನೀರು ಹಿಂಡಲು ಗಿರಗಿರ ತಿರುಗುತ್ತದೆ. ವಾರದಲ್ಲಿ ಏಳೂ ದಿನ. ಹೋದ ವರ್ಷ ತಂದದ್ದು.

“ಸ್ವಲ್ಪ ನಿಲ್ಲಿಸ್ತೀರಾ?” ಸಾರ್ ಕೇಳಿದರು.

ಲಾಂಡ್ರಿಯವರು ಸಾರನ್ನು ಮೇಲಿಂದ ಕೆಳಗೆ ನೋಡಿದರು. “ನೀವು ದೆವ್ವ ಹಿಡಿಯೋರಲ್ವಾ?”

“ಹೌದು.”

“ನಮ್ಮ ಮೆಷಿನ್ನಿಗೇನಾದ್ರೂ ಹಿಡಿದಿದ್ಯಾ?”

“ಇಲ್ಲ. ಅದೇ ಬೇರೆಯವ್ರಿಗೆ ಹಿಡೀತಿದೆ ಅಂತ ಅನುಮಾನ.”

ನಿಲ್ಲಿಸಿದರು. ಮೇಲೆ ಪೆಡಲ್ ನಿಂತಿತು. ಹಾಕಿದರು, ಆಡಿತು. ಮತ್ತೆ ನಿಲ್ಲಿಸಿದರು.

“ಇನ್ನೊಂದು ಹೋಯ್ತು,” ಅಂದರು ಸಾರ್, ಲೋಟದ ನೀರು ಕುಡಿಯುತ್ತ. ಬೇಸರವಿಲ್ಲ. ಮೀಟರ್ ರೀಡಿಂಗ್ ಬರೆದುಕೊಂಡ ಹಾಗೆ. ಚಿಕ್ಕ ಟೈಲರ್ ಸೂಜಿಗೆ ದಾರ ಪೋಣಿಸಲು ಕೂತರು. ಭಾನುವಾರದ ರೆಕಾರ್ಡಿಂಗ್ ಕೇಳಿ ಮುಗಿಸಿ ಕೊನೆಯ ಮಾತು ಹೇಳುತ್ತೇವೆ ಎಂದು ಬಂದೆವು.

ಕೇಳುವುದಕ್ಕೂ ಒಂದು ನಿಯಮವಿದೆ. ನನ್ನ ರೆಕಾರ್ಡಿಂಗ್ ಅವರು ಕೇಳಬೇಕು, ಅವರದ್ದು ನಾನು. ಇಬ್ಬರೂ ಸರಿ ಎನ್ನುವ ತನಕ ಕರೆದವರ ಕಿವಿಗೆ ಹಾಕುವಂತಿಲ್ಲ.

ಸೆಪ್ಟೆಂಬರ್ ೭, ಗುರುವಾರ — ಸಂಜೆ

ಆಫೀಸಿನಲ್ಲಿ ಡಾಕ್ಟರೊಬ್ಬರ ಗೊಣಗಾಟ ಟೈಪ್ ಮಾಡುತ್ತಿದ್ದೆ. ನನ್ನ ಹೊಟ್ಟೆಪಾಡು ಅದೇ — ಡಾಕ್ಟರುಗಳು ರೋಗಿಗಳ ಬಗ್ಗೆ ರೆಕಾರ್ಡ್ ಮಾಡಿದ್ದನ್ನು ಕೇಳಿ ಅಕ್ಷರಕ್ಕಿಳಿಸುವುದು. ಸಾರ್ ಫೋನ್ ಬಂತು. ಅವರು ಆಫೀಸಿಗೆ ಫೋನ್ ಮಾಡುವವರಲ್ಲ.

“ಅಮ್ಮಾ, ಪಕ್ಕದಲ್ಲಿ ಯಾರೂ ಇಲ್ವಾ? ಕೇಳಿ.”

ಪೆಡಲಿನ ಸದ್ದು, ದೂರದಲ್ಲಿ ಹಾರ್ನ್. ಆಮೇಲೆ ಒಂದು ಹೆಣ್ಣು ದನಿ. ತಗ್ಗಿದ, ಬೆಚ್ಚಗಿನ, ಬಹಳ ದಣಿದ ದನಿ.

“ಇರು... ಬಂದೆ.”

ಮೈಯೆಲ್ಲ ಮುಳ್ಳೆದ್ದಿತು.

“ನಿಮ್ಮ ರೆಕಾರ್ಡರಲ್ಲಿ. ನೀವು ಒಳಗೇ ಇದ್ರಲ್ಲ, ನಿಮಗೆ ಕೇಳಿಸ್ಲಿಲ್ವಾ?”

“ಇಲ್ಲ ಸಾರ್.”

“ಕೇಳಿಸೋದಿಲ್ಲ. ಕಿವಿಗೆ ಕೇಳಿಸದ್ದು ಕೆಲವು ಸಲ ಮೆಷಿನ್ನಿಗೆ ಸಿಗುತ್ತೆ ಅಂತ ಓದಿದ್ದೆ. ಓದಿದ್ದೆ ಅಷ್ಟೇ.” ಅತ್ತ ಕುರ್ಚಿ ಎಳೆದು ಕೂತ ಸದ್ದು. “ಹನ್ನೊಂದು ವರ್ಷ ಆಯ್ತಮ್ಮಾ.”

ನಾನು ನಿದ್ದೆ ಮಾಡುತ್ತಿದ್ದಾಗ ಪಕ್ಕದಲ್ಲೇ ಯಾರೋ ಮಾತಾಡಿದ್ದಾರೆ. ಹೆದರಿಕೆಯಾಗಬೇಕಿತ್ತು. ಮನೆಗೆ ನಡೆದುಕೊಂಡು ಬರುವಾಗ ರಸ್ತೆಯ ಜನರೆಲ್ಲ ನನಗೆ ಹೊಸಬರಂತೆ ಕಂಡರು. ಹಾಗಾದರೆ ಯಾರೂ ಪೂರ್ತಿ ಹೋಗುವುದಿಲ್ಲ. ಹಾಗಾದರೆ... ಬೇಕರಿಯ ಮುಂದೆ ಸುಮ್ಮನೆ ನಿಂತೆ ಬಹಳ ಹೊತ್ತು.

ನಿದ್ದೆಯ ವಿಷಯ ಮಾತ್ರ ಸಾರ್‌ಗೆ ಹೇಳಲಿಲ್ಲ.

ಸೆಪ್ಟೆಂಬರ್ ೮, ಶುಕ್ರವಾರ — ಸಂಜೆ

ಸಾರ್ ಫೈಲ್ ಕಳಿಸಿದರು. ಹೆಡ್‌ಫೋನಿನಲ್ಲಿ ಕೇಳಿದೆ. ಅಕ್ಷರಕ್ಕಿಳಿಸುವ ಕಿವಿ ಇದು. ‘ಇರು’ — ಸ್ಪಷ್ಟ. ‘ಬಂದೆ’ — ಕೊನೆಯ ಅಕ್ಷರ ಅರ್ಧ. ಸ್ಪೀಕರಿನಲ್ಲಿ ಹೇಗೆ ಕೇಳಿಸುತ್ತದೋ ನೋಡೋಣವೆಂದು ಹಾಕಿದೆ. ಪಕ್ಕದಲ್ಲಿ ಅತ್ತೆ ಒಣಗಿದ ಬಟ್ಟೆ ಮಡಚುತ್ತಿದ್ದರು.

“ಯಾರನ್ನ ಕೇಳಿಸ್ಕೊಳ್ತಿದ್ದೀಯ ಅಷ್ಟು ಹೊತ್ತಿಂದ?”

“ಅವತ್ತಿನ ಅಂಗಡೀದು ಅತ್ತೆ. ದೊಡ್ಡ ಟೈಲರ್ ದನಿ ಇರಬಹುದು ಅಂತ.”

“ಇನ್ನೊಂದ್ಸಲ ಹಾಕು.” ಟಿವಿಯ ಸದ್ದು ತೆಗೆದರು. ನನ್ನ ನೆನಪಿನಲ್ಲಿ ಸಿನಿಮಾದ ಮಧ್ಯೆ ಹಾಗೆ ಮಾಡಿದ್ದು ಇದೇ ಮೊದಲು. ಕೇಳಿ, ಒಂದು ಟವೆಲ್ ಮಡಚಿ ಇಟ್ಟರು. “ಇದು ನೀನು ಕಣೆ.”

“ನನ್ನ ದನಿ ನನಗೆ ಗೊತ್ತಾಗಲ್ವಾ ಅತ್ತೆ? ದಿನಾ ಇದೇ ಕೆಲಸ.”

“ಎಚ್ಚರದ ದನಿ ಗೊತ್ತಿರತ್ತೆ. ನಿದ್ದೇದು ನಿಂಗೆ ಹೇಗೆ ಗೊತ್ತಾಗ್ಬೇಕು? ಸೋಫಾ ಮೇಲೆ ಕಣ್ಣು ಮುಚ್ಚಿದ್ರೆ ಸಾಕು, ಹೀಗೇ ಅಂತೀಯ. ಎಚ್ಚರದಲ್ಲಿ ನನಗೆ ‘ಇರಿ’. ನಿದ್ದೇಲಿ ‘ಇರು’. ಕಣ್ಣು ಮುಚ್ಚಿದ್ರೆ ಮರ್ಯಾದೆ ಹಾರಿಹೋಗತ್ತೆ.”

ನಗು ಬರಲಿಲ್ಲ. ಅತ್ತೆಗೂ ಬರಲಿಲ್ಲ.

“ಅಲ್ಲಿ ನಿದ್ದೆ ಮಾಡಿದ್ಯಾ?”

“ಹೂಂ.”

ಮತ್ತೊಂದು ಟವೆಲ್ ಕೈಗೆತ್ತಿಕೊಂಡು ಹಾಗೇ ಕೂತರು. ಪರದೆಯ ಮೇಲೆ ಬಿಳಿ ಬಟ್ಟೆಯವಳು ಸದ್ದಿಲ್ಲದೆ ಬಾಯಿ ತೆರೆದು ಕಿರುಚುತ್ತಿದ್ದಳು.

“ಯಾರು ಕರೀತಾರೆ ನಿನ್ನ ನಿದ್ದೇಲಿ?”

“ಗೊತ್ತಿಲ್ಲ ಅತ್ತೆ.”

ಸೆಪ್ಟೆಂಬರ್ ೧೩, ಬುಧವಾರ — ಬೆಳಿಗ್ಗೆ, ಆಫೀಸಿಗೆ ಹೊರಡುವ ಮೊದಲು

ಬರೆಯದೆ ದಿನಗಳು ಹೋದವು. ಹೇಳದೆ ಕೂಡ.

ಶನಿವಾರ ಮಧ್ಯಾಹ್ನ ಸೋಫಾದ ಪಕ್ಕ ರೆಕಾರ್ಡರ್ ಇಟ್ಟು ಮಲಗಿದ್ದೆ. ತನಿಖೆಯ ಮೇಲೆ ತನಿಖೆ. ಎದ್ದು ಕೇಳಿದೆ. ಉಸಿರು, ಫ್ರಿಜ್ಜಿನ ಗುಂಯ್, ಅತ್ತೆಯ ಚಪ್ಪಲಿ... ಆಮೇಲೆ ಅದೇ ದನಿ. “ಇರು... ಬಂದೆ.” ಎರಡನ್ನೂ ಒಂದರ ಹಿಂದೆ ಒಂದು ಹಾಕಿ ನೋಡಿದೆ. ಅನುಮಾನಕ್ಕೆ ಎಡೆಯೇ ಇಲ್ಲ. ದೊಡ್ಡ ಟೈಲರಿನ ಕೋಣೆಯಲ್ಲಿ ಸಿಕ್ಕ ದೆವ್ವ ನಾನು. ಬೇಲಿಯೇ ಎದ್ದು ಹೊಲ ಮೇಯ್ದಿದೆ.

ಅಷ್ಟು ಖಚಿತವಾದ ಮೇಲೆ ತಕ್ಷಣ ಹೇಳಬೇಕಿತ್ತು. ಭಾನುವಾರ ನಮ್ಮ ಮನೆಯವರು ಊರಿನಿಂದ ಬಂದಿದ್ದರು, ಆಮೇಲೆ ಹೇಳೋಣ. ಸೋಮವಾರ ಕೆಲಸ ಜಾಸ್ತಿ. ಮಂಗಳವಾರ ಕಾರಣವೂ ಸಿಗಲಿಲ್ಲ, ಆದರೂ ಹೇಳಲಿಲ್ಲ. ಸಾರ್‌ಗೆ ನೋವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ? ಬೇಕರಿಯ ಮುಂದೆ ನಿಂತಿದ್ದ ಆ ಹೊತ್ತನ್ನು ಬಿಟ್ಟುಕೊಡಲು ನನಗೇ ಮನಸ್ಸಿರಲಿಲ್ಲ. ನಾಚಿಕೆಯೂ ಇತ್ತು. ಯಾವುದು ಎಷ್ಟು ಪಾಲು, ಗೊತ್ತಿಲ್ಲ.

ಈಗ ತಾನೇ ಸಾರ್ ಫೋನ್. ಕುಣಿಯುವ ದನಿ. ಭಾನುವಾರ ತಡೆಯಲಾರದೆ ಚಿಕ್ಕ ಟೈಲರ್ ಹತ್ತಿರ ಹೋಗಿ ಕೇಳಿಸಿಬಿಟ್ಟರಂತೆ. “ನಿಯಮ ಮುರಿದೆ ಅಮ್ಮಾ. ಆದ್ರೆ ಅವ್ರ ಮುಖ ನೀವು ನೋಡ್ಬೇಕಿತ್ತು.” ನಮ್ಮ ತಂಡದ ಆನ್‌ಲೈನ್ ಪೇಜಿನಲ್ಲೂ ಹಾಕಿದ್ದಾರೆ: ‘ಹನ್ನೊಂದು ವರ್ಷದಲ್ಲಿ ಮೊದಲ ದನಿ. ಪೂರ್ತಿ ವರದಿ ಸದ್ಯದಲ್ಲೇ.’ ಆ ವರದಿ ಬರೆಯಬೇಕಾದವಳು ನಾನು.

“ಸೋಮವಾರಾನೇ ಔಷಧಿ ಅಂಗಡಿಯವ್ರಿಗೆ ಮಳಿಗೆ ಬೇಡ ಅಂದ್ರಂತೆ. ಅಕ್ಕ ‘ಇರು, ಬಂದೆ’ ಅಂದಿದ್ದಾಳೆ, ನಾನು ಹೋಗೋದುಂಟಾ ಅಂತ.”

ಶನಿವಾರವೇ ಬಾಯಿ ಬಿಟ್ಟಿದ್ದರೆ ಇದು ಆಗುತ್ತಿರಲಿಲ್ಲ.

ಸೆಪ್ಟೆಂಬರ್ ೧೪, ಗುರುವಾರ

ಸಾರ್ ಮನೆಗೆ ಹೋದೆ. ವರಾಂಡದಲ್ಲಿ ಟೇಬಲ್ ಫ್ಯಾನ್ ಬಿಚ್ಚಿಕೊಂಡು ಕೂತಿದ್ದರು. ಕಾಗದದ ಮೇಲೆ ಸ್ಕ್ರೂಗಳು ಸಾಲಾಗಿ.

ಎರಡೂ ರೆಕಾರ್ಡಿಂಗ್ ಕೇಳಿಸಿದೆ. ಮೊದಲು ಅಂಗಡಿಯದು, ಆಮೇಲೆ ಸೋಫಾದ್ದು. ಮತ್ತೊಮ್ಮೆ ಹಾಕಿ ಎಂದು ಅವರು ಕೇಳಲಿಲ್ಲ.

“ಎಷ್ಟು ಹೊತ್ತು ನಿದ್ದೆ?”

“ಗೊತ್ತಿಲ್ಲ ಸಾರ್. ಪೆಡಲ್ ಆಡಿದ್ದೂ ನನಗೆ ಗೊತ್ತಾಗಿಲ್ಲ.”

“ಒಪ್ಪಿಕೊಂಡಿದ್ರೆ ಆಗ್ತಿತ್ತಲ್ಲಮ್ಮಾ. ‘ನಿದ್ದೆ ನಾನು’ ಅಂತ. ಎರಡು ಮಾತು.” ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

“ನಾಚಿಕೆಯಾಯ್ತು ಸಾರ್.”

“ಹತ್ತು ಜನರೆದುರು ಹೊಟ್ಟೆ ಗುರುಗುಟ್ಟಿದ್ದನ್ನ ಒಪ್ಪಿಕೊಂಡೋರು ನೀವು.” ಒಂದು ಸ್ಕ್ರೂ ಎತ್ತಿ ನೋಡಿ, ಅದರ ಜಾಗದಲ್ಲೇ ಇಟ್ಟರು. “ನಾನೇನು ಕಡಿಮೆ? ಇಬ್ಬರೂ ಸರಿ ಅನ್ನೋ ತನಕ ಕೇಳಿಸಬಾರದು ಅಂತ ನಿಯಮ ಮಾಡಿದ್ದೇ ನಾನು. ಹನ್ನೊಂದು ವರ್ಷ ಕಾದೋನಿಗೆ ಇನ್ನೊಂದು ವಾರ ಕಾಯೋಕಾಗ್ಲಿಲ್ಲ.”

ಒಳಗಿನಿಂದ ಅವರ ಹೆಂಡತಿ ಎರಡು ಲೋಟ ಚಹಾ ತಂದಿಟ್ಟರು. “ಫ್ಯಾನ್ ಆಯ್ತಾ? ಅಥವಾ ಅದರೊಳಗೂ ಯಾರಾದ್ರೂ ಮಾತಾಡ್ತಿದ್ದಾರಾ?” ಆಕೆ ನನ್ನ ಮುಖ ನೋಡಿ ಸುಮ್ಮನೆ ಒಳಗೆ ಹೋದರು.

“ನಾಳೆ ನಾನೇ ಹೋಗಿ ಹೇಳ್ತೀನಿ,” ಅಂದರು ಸಾರ್.

“ಬೇಡ ಸಾರ್. ದನಿ ನಂದು.”

ಸೆಪ್ಟೆಂಬರ್ ೧೫, ಶುಕ್ರವಾರ — ಸಂಜೆ

ಚಿಕ್ಕ ಟೈಲರ್ ಶಾಲೆಯ ಸಮವಸ್ತ್ರದ ಪ್ಯಾಂಟಿನ ಅಂಚು ಮಡಚಿ ಹೊಲಿಯುತ್ತಿದ್ದರು. ನಾನು ಹೇಳುವಾಗ ಕೈ ನಿಲ್ಲಲಿಲ್ಲ. ಹೇಳಿ ಮುಗಿದ ಮೇಲೆ ನಿಂತಿತು.

“ನನ್ನಕ್ಕನ ಕೋಣೇಲಿ ಕೂತು ಗೊರಕೆ ಹೊಡೆದ್ರಾ?”

“ನಿದ್ದೆ ಹೋದೆ. ನಿದ್ದೇಲಿ ಮಾತಾಡಿದೆ.”

“ನಾನು ಅದಕ್ಕೆ ಉತ್ತರ ಕೊಟ್ಟೆ ಮೇಡಂ. ಆ ಸಾರ್ ಹೋದ ಮೇಲೆ, ಇಲ್ಲಿ ನಿಂತು. ‘ಇರ್ತೀನಿ ಅಕ್ಕಾ, ಅವಸರ ಇಲ್ಲ, ಬಾ’ ಅಂತ.” ದನಿ ಏರಲಿಲ್ಲ. “ನಿಮಗೆ ಹೇಳಿದೆನಲ್ಲ ನಾನು?”

ಕ್ಷಮಿಸಿ ಅಂದೆ. ಅವರು ಪ್ಯಾಂಟಿನ ಇನ್ನೊಂದು ಕಾಲು ಎತ್ತಿಕೊಂಡು, ಹೊಲಿಗೆ ಬಿಚ್ಚತೊಡಗಿದರು. ಸರಿಯಾಗಿಯೇ ಇದ್ದ ಹೊಲಿಗೆ.

“ಹೋದ ವಾರ ಆ ಪೆಡಲ್ ಲಾಂಡ್ರಿ ಅಂದ್ರಿ. ಸರಿ ಅಂದೆ. ಆಮೇಲೆ ಅಕ್ಕ ಮಾತಾಡಿದಾಳೆ ಅಂದ್ರಿ. ಅದಕ್ಕೂ ಸರಿ ಅಂದೆ. ಈಗ ಅದು ನೀವು. ನಾಳೆ ಇನ್ನೇನು?”

“ನಾಳೆ ಏನೂ ಇಲ್ಲ. ಇಲ್ಲಿ ನಮಗೆ ಏನೂ ಸಿಕ್ಕಿಲ್ಲ. ಅಷ್ಟೇ ಹೇಳೋಕಾಗೋದು.”

“ಸಿಕ್ಕಿಲ್ಲ ಅಂದ್ರೆ ಇಲ್ಲ ಅಂತಾನಾ?”

“ಅದು ನನಗೆ ಗೊತ್ತಿಲ್ಲ.”

“ಅಡ್ಡಗೋಡೆ ಮೇಲೆ ದೀಪ ಇಡ್ಬೇಡಿ ಮೇಡಂ. ಮಳಿಗೆಗೆ ಬೇಡ ಅಂದುಬಿಟ್ಟಿದ್ದೀನಿ. ಸೋಮವಾರ ಬೇರೆ ಯಾರೋ ನೋಡೋಕೆ ಬರ್ತಾರೆ. ಕನ್ನಡಕ ಮಾರೋರಂತೆ.”

ಔಷಧಿ ಅಂಗಡಿಯವರ ಹತ್ತಿರ ನಾನೇ ಮಾತಾಡಲೇ ಎಂದೆ. ಬೇಡ ಎಂದು ತಲೆಯಾಡಿಸಿದರು. ಕೊನೆಗೆ ನಾನು ಮೆಟ್ಟಿಲ ತನಕ ಬಂದಾಗ ಹಿಂದಿನಿಂದ ಮಾತು ಬಂತು.

“ಭಾನುವಾರ ಮತ್ತೆ ಬನ್ನಿ ಇಬ್ಬರೂ. ಆ ಯಂತ್ರ ತನ್ನಿ. ಈ ಸಲ ಒಳಗೆ ನಾನು ಕೂರ್ತೀನಿ. ನನಗಂತೂ ನಿದ್ದೆ ಬರಲ್ಲ.”

ಸೆಪ್ಟೆಂಬರ್ ೧೭, ಭಾನುವಾರ — ಸಂಜೆ ಆರು

ಮೇಜಿನ ಮೇಲೆ ರೆಕಾರ್ಡರ್. ಅಕ್ಕನ ಮೆಷಿನ್ನಿನ ಎದುರು ಸ್ಟೂಲ್ ಹಾಕಿಕೊಂಡು ಚಿಕ್ಕ ಟೈಲರ್. ಬಾಗಿಲ ಬಳಿ ನೆಲದ ಮೇಲೆ ನಾವಿಬ್ಬರು, ಅವರು ಹೇಳಿದ್ದಕ್ಕೆ. ನಿಯಮವನ್ನು ಸಾರ್ ವಿವರಿಸಿದರು. ಮಾಡಿದ ಸದ್ದನ್ನೆಲ್ಲ ಒಪ್ಪಿಕೊಳ್ಳಬೇಕು.

“ನಾನು ಮಾಡಿದ್ದು ಮಾತ್ರ ತಾನೇ?”

“ನೀವು ಮಾಡಿದ್ದು ಮಾತ್ರ.”

ಶುರುವಾಯಿತು. ಸಿನಿಮಾದವರು ಇದನ್ನು ತೆಗೆದರೆ ಜನ ಎದ್ದು ಹೋಗುತ್ತಾರೆ. ಗೋಡೆಯ ಮೇಲೆ ಬಿಸಿಲಿನ ಒಂದು ಚೌಕ. ಹ್ಯಾಂಗರಿನಲ್ಲಿ ಯಾರದೋ ಅರ್ಧ ಕೋಟು, ತೋಳಿಲ್ಲದ್ದು. ಕೆಳಗೆ ಸೈಕಲ್ ಗಂಟೆ.

“ಸ್ಟೂಲ್ ನಾನು,” ಅಂದರು ಚಿಕ್ಕ ಟೈಲರ್. ಮೊದಲ ಸಲ ನಾಚಿಕೆಯಿಂದ, ಸಣ್ಣಗೆ. ಸ್ವಲ್ಪ ಹೊತ್ತಿನ ನಂತರ, “ಮಂಡಿ ಲಟಕ್ ಅಂದಿದ್ದು ನಂದು.”

“ಕೆಮ್ಮಿದ್ದು ನಾನು,” ಅಂದರು ಸಾರ್.

ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಅಕ್ಕ ಹೋದ ಮೇಲೆ ಅವರು ಈ ಕೋಣೆಯಲ್ಲಿ ಕೈ ಕಟ್ಟಿಕೊಂಡು ಸುಮ್ಮನೆ ಕೂತದ್ದು ಇದೇ ಮೊದಲಿರಬೇಕು. ಯಾವಾಗಲೂ ಹೊಲಿಗೆ, ಯಾವಾಗಲೂ ರೇಡಿಯೋ. ನಾನು ಎಚ್ಚರವಾಗಿದ್ದೆ. ಇಷ್ಟು ಎಚ್ಚರವಾಗಿ ನಾನು ಯಾವತ್ತೂ ಕೂತಿಲ್ಲ.

ಮೂಗೆಳೆದ ಸದ್ದು.

“ಅಳ್ತಿರೋದು ನಾನು,” ಅಂದರು ಚಿಕ್ಕ ಟೈಲರ್, ರೆಕಾರ್ಡರಿನ ಕಡೆ ತಿರುಗಿ, ಸ್ಪಷ್ಟವಾಗಿ.

ಸ್ವಲ್ಪ ತಡೆದು, “ಇನ್ನೂ ನಾನೇ.”

ಸಾರ್ ನೆಲ ನೋಡುತ್ತಿದ್ದರು. ನಾನು ಅರ್ಧ ಕೋಟನ್ನು.

“ಇದೂ ನಾನೇ.”

ಮೂರಾಯಿತು. ಪೆಡಲ್ ನಡುಗಿತು. ಆಡತೊಡಗಿತು. ಮೆಲ್ಲಗೆ ಮೇಲೆ, ಕೆಳಗೆ. ಅವರು ಬಹಳ ಹೊತ್ತು ನೋಡಿದರು, ತಡೆಯಲಿಲ್ಲ. ಆಮೇಲೆ ಚಪ್ಪಲಿ ಬಿಟ್ಟು ಪಾದವನ್ನು ಅದರ ಮೇಲಿಟ್ಟರು. ಒತ್ತಲಿಲ್ಲ. ಸ್ವಲ್ಪ ಹೊತ್ತು ಅದರ ಜೊತೆಗೇ ಅವರ ಕಾಲೂ ಆಡಿತು. ನಂತರ ಕಾಲಿನ ಭಾರವನ್ನು ಅದರ ಮೇಲೆ ಬಿಟ್ಟರು. ನಿಂತಿತು.

“ಇದು ಲಾಂಡ್ರಿ,” ಅಂದರು.

ಸಾರ್ ಎದ್ದು ರೆಕಾರ್ಡರ್ ನಿಲ್ಲಿಸಿದರು. ಚಿಕ್ಕ ಟೈಲರ್ ಮುಖ ಒರೆಸಿಕೊಂಡು, ಕಿಟಕಿ ತೆರೆದು, ಬೀದಿಯಾಚೆಯ ಖಾಲಿ ಮಳಿಗೆಯ ಶಟರನ್ನು ನೋಡುತ್ತ ನಿಂತರು.

“ಕನ್ನಡಕದೋರು ಎಷ್ಟೊತ್ತಿಗೆ ಬರ್ತಾರೋ ನಾಳೆ,” ಅಂದರು.

ಸೆಪ್ಟೆಂಬರ್ ೧೮, ಸೋಮವಾರ

ಔಷಧಿ ಅಂಗಡಿ ಬಾಗಿಲು ತೆಗೆಯುವ ಮೊದಲೇ ಚಿಕ್ಕ ಟೈಲರ್ ಹೋಗಿ ನಿಂತಿದ್ದರಂತೆ. ಔಷಧಿ ಅಂಗಡಿಯವರು ಗೊಣಗಿದರಂತೆ. “ಹೋದ ವಾರ ಬೇಡ, ಈ ವಾರ ಬೇಕು. ಮುಂದಿನ ವಾರ?”

“ಮುಂದಿನ ವಾರ ನಿಮ್ಮ ಅಂಗಿಯ ಕಾಲರ್ ಹೊಲಿದುಕೊಡ್ತೀನಿ. ವರ್ಷದಿಂದ ಹರಿದಿದೆ, ನೋಡೋಕಾಗ್ತಿಲ್ಲ.”

ಬೀಗದ ಕೈ ಕೊಟ್ಟರಂತೆ. ಇದೆಲ್ಲ ಚಿಕ್ಕ ಟೈಲರೇ ಫೋನಿನಲ್ಲಿ ಹೇಳಿದ್ದು. ನನ್ನ ಮೇಲಿನ ಸಿಟ್ಟು ಹೋಗಿಲ್ಲ. ‘ಮೇಡಂ’ ಅನ್ನುವಾಗ ಇನ್ನೂ ಸ್ವಲ್ಪ ಚುಚ್ಚುತ್ತದೆ. ಇರಲಿ.

ಸೆಪ್ಟೆಂಬರ್ ೨೦, ಬುಧವಾರ — ಸಂಜೆ

ವರದಿ ಬರೆದೆ. ಈ ಸಲ ಇಂಗ್ಲಿಷಿನಲ್ಲಿ ಅಲ್ಲ. ಮೊದಲ ಸಾಲು: ‘ರೆಕಾರ್ಡಿಂಗಿನಲ್ಲಿರುವ ದನಿ ನನ್ನದು. ನಾನು ನಿದ್ದೆ ಹೋಗಿದ್ದೆ.’ ಆಮೇಲಿನದ್ದೆಲ್ಲ ಸುಲಭವಾಗಿ ಬಂತು — ಲಾಂಡ್ರಿ, ಇಳಿಜಾರು, ಲೋಟದ ನೀರು. ಸೋಫಾದ ರೆಕಾರ್ಡಿಂಗನ್ನೂ ಜೊತೆಗೆ ಹಾಕುತ್ತೇನೆ. ಜನ ನಗಲಿ. ಮೊನ್ನೆ ಭಾನುವಾರದ ರೆಕಾರ್ಡಿಂಗ್ ಮಾತ್ರ ಹಾಕುವುದಿಲ್ಲ. ಅದನ್ನು ಚಿಕ್ಕ ಟೈಲರಿಗೇ ಕೊಟ್ಟುಬಿಟ್ಟಿದ್ದೇವೆ.

ಇವತ್ತೇ ಪೇಜಿಗೆ ಹಾಕುವವಳಿದ್ದೆ. ಸಾರ್‌ಗೆ ಓದಿ ಹೇಳಿದೆ. ಕೇಳಿ, “ಸರಿಯಾಗಿದೆ,” ಅಂದರು. ತಾವು ನಿಯಮ ಮುರಿದದ್ದನ್ನೂ ಒಂದು ಸಾಲಿನಲ್ಲಿ ಸೇರಿಸಲು ಹೇಳಿದರು, ಹೆಸರು ಸಮೇತ. ಆಮೇಲೆ ಫೋನ್ ಇಡಲಿಲ್ಲ.

“ಅಮ್ಮಾ, ಶನಿವಾರ ಅಕ್ಕನ ಮೆಷಿನ್ ಹೊಸ ಮಳಿಗೆಗೆ ಇಳಿಸ್ತಿದ್ದೀವಿ. ಚಿಕ್ಕ ಟೈಲರ್ ಅದನ್ನ ಬಿಟ್ಟು ಹೋಗಲ್ಲವಂತೆ.”

“ಒಳ್ಳೇದಾಯ್ತಲ್ಲ ಸಾರ್.”

“ಅಲ್ಲಿ ನೆಲ ಮಟ್ಟಸ. ನಾನೇ ಗೋಲಿ ಹಾಕಿ ನೋಡಿದೆ. ಪಕ್ಕದಲ್ಲಿ ಲಾಂಡ್ರಿ ಇಲ್ಲ, ಲಿಫ್ಟಿಲ್ಲ, ಏನೂ ಇಲ್ಲ.”

“ಹೂಂ.”

“ಒಂದು ಮಧ್ಯಾಹ್ನ ನೋಡದೆ ‘ಕಾರಣ ಲಾಂಡ್ರಿ’ ಅಂತ ಬರೆಯೋದು ಸರಿಯಲ್ಲ. ಅಲ್ವಾ?”

ಸರಿಯಲ್ಲ. ಅವರ ದನಿಯಲ್ಲಿ ಆಸೆ ಇತ್ತೇ? ಇದ್ದರೆ ನನ್ನದರಲ್ಲೂ ಇದ್ದಿರಬೇಕು. ‘ಕಾದು ನೋಡೋಣ ಸಾರ್’ ಎಂದವಳು ನಾನೇ. ಭಾನುವಾರ ಎರಡು ಲೋಟ ಚಹಾ ಕುಡಿದು ಹೋಗುತ್ತೇನೆ.

ವರದಿಯ ಕೊನೆಯ ಸಾಲಿನ ಜಾಗ ಖಾಲಿ ಬಿಟ್ಟಿದ್ದೇನೆ. ಪೇಜಿಗೆ ಹಾಕುವ ದಿನ: ಸೆಪ್ಟೆಂಬರ್ ೨೪, ಭಾನುವಾರ, ಮಧ್ಯಾಹ್ನ ಮೂರು ಕಳೆದ ಮೇಲೆ —